ಅಮರಮ್ಮನ ಹೆಗಲಿಗೊಂದು ತಂಬೂರಿ

ಸುಂಕಪ್ಪನ ಬಲಗೈ ಬಿದ್ದದ್ದು ದೀಪಾವಳಿ ಆದ ಎಂಟನೆಯ ದಿನ. ಬೆಳಿಗ್ಗೆ ಮುಖ ತೊಳೆಯಲು ಕೂತವನ ಕೈಯಿಂದ ತಂಬಿಗೆ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಬರಲಿಲ್ಲ. ಬಾಯಿಯೂ ಒಂದು ಕಡೆಗೆ ವಾಲಿತ್ತು. ಪಾರಿವಾಳದ ರಕ್ತ ಹಚ್ಚಿರಿ ಎಂದರು ಯಾರೋ, ಹಚ್ಚಿದರು. ತಿಂಗಳು ಕಳೆದ ಮೇಲೆ ಮಾತು ಅಷ್ಟಿಷ್ಟು ತಿರುಗಿತು. ಕೈ ತಿರುಗಲಿಲ್ಲ.

ಮಾನ್ವಿಯಲ್ಲಿ ಅವರದು ಬುರ್ರಕಥೆ ಹೇಳುವ ಮನೆ. ನಡುವೆ ನಿಂತವನು ಹೆಗಲಿಗೆ ತಂಬೂರಿ ಹಾಕಿಕೊಂಡು, ಕುಣಿಯುತ್ತ ಕಥೆ ಹೇಳುತ್ತಾನೆ. ಎರಡು ಮಗ್ಗುಲಿಗೆ ನಿಂತವರು ಡಿಮ್ಮಿ ಎಂಬ ಚಿಕ್ಕ ಚರ್ಮವಾದ್ಯ ಬಾರಿಸುತ್ತ ಸೊಲ್ಲು ಹಿಡಿಯುತ್ತಾರೆ. ನಡುವೆ ನಿಲ್ಲುತ್ತಿದ್ದವನು ಸುಂಕಪ್ಪ. ಎಡಕ್ಕೆ ಹೆಂಡತಿ ಶೇಖಮ್ಮ, ಬಲಕ್ಕೆ ಮಗ ಉರುಕುಂದಪ್ಪ. ಮಾನ್ವಿ, ಸಿರವಾರದ ಸುತ್ತ ಏಳು ಊರು ಅವರ ಮನೆತನಕ್ಕೆ ಸೇರಿದ್ದವು. ಸುಗ್ಗಿಯಲ್ಲಿ ಆ ಏಳು ಊರ ಕಣಗಳಲ್ಲಿ ಕಥೆ ಹೇಳಬೇಕು, ಅಲ್ಲಿ ಕೊಟ್ಟ ಜೋಳದಲ್ಲಿ ವರ್ಷ ದೂಡಬೇಕು. ಒಂದು ಸುಗ್ಗಿ ತಪ್ಪಿದರೆ ಊರು ಬೇರೆಯವರ ಪಾಲು. ಸಿರವಾರದಲ್ಲಿದ್ದ ದಾಯಾದಿ ಯಂಕೋಬ ಆಗಲೇ ಎರಡು ಸಲ ಬಂದು ಆರೋಗ್ಯ ವಿಚಾರಿಸಿ ಹೋಗಿದ್ದ.

“ಕೈ ನೋಡಾಕ ಬಂದಾನೊ, ಊರು ನೋಡಾಕ ಬಂದಾನೊ,” ಎಂದಳು ದುರುಗಮ್ಮ. ಆಕೆ ಸುಂಕಪ್ಪನ ತಾಯಿ, ಎಪ್ಪತ್ತು ದಾಟಿದ ಮುದುಕಿ.

ಒಂದು ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ. ಶೇಖಮ್ಮ ಗಂಡನಿಗೆ ರೊಟ್ಟಿ ಮುರಿದು, ನೆನೆಸಿ, ಬಾಯಿಗೆ ಇಡುತ್ತಿದ್ದಳು.

“ಸುಗ್ಗಿಗೆ ಮೂರು ತಿಂಗಳು ಉಳೀತು,” ಎಂದಳು ದುರುಗಮ್ಮ. “ತಂಬೂರಿ ಯಾರ ಹೆಗಲಿಗೆ?”

ಉರುಕುಂದಪ್ಪ ಇನ್ನೊಂದು ರೊಟ್ಟಿಗೆ ಕೈ ಚಾಚಿದ.

“ಲೇ ಉರುಕುಂದ, ನಿನ್ನ ಕೇಳಾಕತ್ತೀನಿ.”

“ನನ್ನ ಕೊರಳು ನಿನಗ ಗೊತ್ತಿಲ್ಲೇನಬೇ? ನಾ ಬಾಯಿ ತೆರದ್ರ ಕಣದಾಗಿನ ಎತ್ತು ಹಗ್ಗ ಹರಕೊಂಡು ಹೋಗ್ತಾವ.”

“ನಿಮ್ಮವ್ವ?”

“ನನಗ ದಮ್ಮು ಅತ್ತಿ,” ಎಂದಳು ಶೇಖಮ್ಮ. “ಎರಡು ಸೊಲ್ಲು ಹಿಡಿಯೂದರಾಗ ಉಸುರು ಸಿಗವಲ್ದು. ಕತಿ ಎಲ್ಲಿಂದ ಹೇಳ್ಲಿ?”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಮರಮ್ಮ ತಲೆ ಎತ್ತಲಿಲ್ಲ. ಆಕೆ ಉರುಕುಂದಪ್ಪನ ಹೆಂಡತಿ, ದೇವದುರ್ಗದ ಹುಡುಗಿ. ಮದುವೆಯಾಗಿ ಐದು ವರ್ಷ, ವರ್ಷದ ಹೆಣ್ಣು ಕೂಸಿನ ತಾಯಿ. ಎತ್ತರ ಇಲ್ಲ, ಅಗಲ ಇಲ್ಲ. ತಲೆಯ ಮೇಲೆ ಕೊಡ ಹೊತ್ತು ಬಂದರೆ ಕೊಡವೇ ನಡೆದು ಬಂದಂತೆ ಕಾಣುತ್ತಿತ್ತು. ಓಣಿಯವರು ಗುಬ್ಬಿ ಎನ್ನುತ್ತಿದ್ದರು. ಆದರೆ ಐದು ವರ್ಷ ಮಾವ ಹೇಳಿದ ಕಥೆಗಳನ್ನೆಲ್ಲ ಆಕೆ ಒಲೆಯ ಮುಂದೆಯೇ ಕಲಿತಿದ್ದಳು. ಸುಂಕಪ್ಪ ಎಲ್ಲಾದರೂ ಸಾಲು ಮರೆತು ನಿಂತರೆ ಮುಂದಿನ ಸಾಲು ಅಡುಗೆಮನೆಯಿಂದ ಬರುತ್ತಿತ್ತು.

ಸುಂಕಪ್ಪ ಬಾಯಲ್ಲಿನ ತುತ್ತು ನುಂಗಿ, “ಅಮರಿ” ಎಂದ.

“ಏನು ಅಮರಿ?”

“ಅಮರಿ ನಿಲ್ತಾಳ.”

“ಹೆಣ್ಣು ಡಿಮ್ಮಿ ಬಾರಸ್ತದ. ತಂಬೂರಿ ಹೊರಾಂಗಿಲ್ಲ,” ಎಂದಳು ಮುದುಕಿ.

“ಹಂಗಾದ್ರ ಯಂಕೋಬಗ ಕೊಡು.”

ಮುದುಕಿ ಗಂಗಾಳ ಸರಿಸಿ ಎದ್ದು ಹೊರಗೆ ಹೋದಳು. ಸಂಜೆಗೆ ತಾನೇ ಬಂದು ಹೇಳಿದಳು: “ನಿಲ್ಲಲಿ. ಆದ್ರ ತಂಬೂರಿ ನಮ್ಮ ಮಾವಂದ ಇರಬೇಕು.”

ಆ ಮಾವ, ಅಂದರೆ ಸುಂಕಪ್ಪನ ಅಜ್ಜ, ಬಾಗಿಲಿಗೆ ಬಗ್ಗಿ ಒಳಗೆ ಬರುತ್ತಿದ್ದ ಆಳು. ತಂಬೂರಿ ಅವನ ಮೈಗೆ ಮಾಡಿಸಿದ್ದು. ಹಲಸಿನ ಕಟ್ಟಿಗೆ, ಆಳುದ್ದ ಗೋಣು, ಹಿಟ್ಟು ನಾದುವ ಪರಾತದಷ್ಟು ಅಗಲದ ಬುರುಡೆ. ಅವನ ಮಗ, ಮೊಮ್ಮಗ ಇಬ್ಬರೂ ಅಂಥದೇ ಆಳುಗಳಾದದ್ದರಿಂದ ನಡೆದುಹೋಯಿತು. ಅಮರಮ್ಮ ಹಾಕಿಕೊಂಡರೆ ಬುರುಡೆ ತೊಡೆಗೆ ಬಡಿಯುತ್ತಿತ್ತು. ಬಲಗೈ ಬುರುಡೆಯನ್ನು ಬಳಸಿ ತಂತಿಗೆ ಹೋಗಬೇಕು. ಆಕೆಯ ಬೆರಳು ತಂತಿ ಮುಟ್ಟುವುದರೊಳಗೆ ಹೆಗಲು ಕಿವಿಗೆ ಹತ್ತುತ್ತಿತ್ತು. ಒಂದು ಗಳಿಗೆ ನಿಂತರೆ ಅಂಗೈ ಜುಮುಜುಮು ಎನ್ನುತ್ತಿತ್ತು.

ಹತ್ತು ದಿನ ಹಾಗೇ ಕಲಿತಳು. ಹನ್ನೊಂದನೆಯ ದಿನ ಶೇಖಮ್ಮ ಸೊಸೆಗೆ ತಲೆಗೆ ನೀರು ಹಾಕುವಾಗ ನೋಡಿದಳು. ಹೆಗಲ ಎಲುಬಿನ ಮೇಲೆ ನೇರಳೆಹಣ್ಣು ಅರೆದು ಬಳಿದಂತೆ ಆಗಿತ್ತು.

“ಇದೇನಬೇ? ಯಾಕ ಹೇಳ್ಲಿಲ್ಲ?”

“ಹೇಳಿದ್ರ ಏನ್ ಮಾಡ್ತಿದ್ರಿ ಅತ್ತಿ?”

ಶೇಖಮ್ಮ ಚೆಂಬು ಅಲ್ಲೇ ಇಟ್ಟು ಪಡಸಾಲೆಗೆ ಬಂದಳು. “ಈ ಹುಡುಗಿ ಮೈಗೆ ಒಂದು ಸಣ್ಣ ತಂಬೂರಿ ತರ್ರಿ. ಇಲ್ಲಾಂದ್ರ ಸುಗ್ಗಿಗೆ ಹೆಣ ನಿಲ್ಲಸ್ತೀರಿ.”

“ನಾನೂ ಈ ಮನಿಗೆ ಬಂದಾಗ ಸಣ್ಣಾಕಿನೇ ಇದ್ನಿ,” ಎಂದಳು ದುರುಗಮ್ಮ. “ನನಗ್ಯಾರು ಸಣ್ಣ ಬೀಸೂ ಕಲ್ಲು ತಂದುಕೊಟ್ರು?”

“ತಂದುಕೊಟ್ಟಿದ್ರ ನಿನ್ನ ಬೆನ್ನು ಹಿಂಗ ಬಾಗ್ತಿರಲಿಲ್ಲ.”

ದುರುಗಮ್ಮ, ಶೇಖಮ್ಮ ಆ ದಿನವೆಲ್ಲ ಮಾತು ಬಿಟ್ಟರು. ಕೊನೆಗೆ ಸುಂಕಪ್ಪ ಹೇಳಿದ: “ತರ್ರಿ. ಕೈಗೆ ಕೂಡದ ತಂತಿ ನಾದ ಕೊಡಲ್ಲ.” ಮಗ, ರೊಕ್ಕ ಎಲ್ಲಿಂದ ತರೋದು ಎಂದು ಕೇಳಿದ. ಅಮರಮ್ಮ ಒಳಗೆ ಹೋಗಿ, ತವರಿನಲ್ಲಿ ಹಾಕಿದ್ದ ಬೆಳ್ಳಿಯ ಕಾಲ್ಕಡಗ ಬಿಚ್ಚಿ ತಂದು ಗಂಡನ ಮುಂದೆ ಇಟ್ಟಳು.

ಅದು ಎರಡನೆಯ ಮಹಾಯುದ್ಧದ ಕಾಲ, ಲಡಾಯಿ ಇನ್ನೂ ಮುಗಿದಿರಲಿಲ್ಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿ ಸುಟ್ಟ ಗ್ಯಾಸಿನಲ್ಲಿ ಓಡುತ್ತಿದ್ದವು. ಗಂಡ ಹೆಂಡತಿ ರಾಯಚೂರು ಮುಟ್ಟುವುದರೊಳಗೆ ಮಧ್ಯಾಹ್ನ. ಸರಾಫರ ಅಂಗಡಿಯಲ್ಲಿ ಕಡಗ ಕೊಟ್ಟು, ಬಂದ ನಿಜಾಮ ಸರಕಾರದ ಹಾಲಿ ರೂಪಾಯಿಗಳನ್ನು ಉರುಕುಂದಪ್ಪ ಧೋತರದ ತುದಿಗೆ ಕಟ್ಟಿಕೊಂಡ. ತೀನ್ ಕಂದೀಲು ಚೌಕದ ಹತ್ತಿರದ ಸಂದಿಯಲ್ಲಿ ಪೀರಾ ಸಾಬನ ಅಂಗಡಿ. ತಂಬೂರಿ ಮಾಡುವವನು ಅವನು, ಬಿಳಿ ಗಡ್ಡದವನು. ಉಳಿ ಹಿಡಿದೇ ತಲೆ ಎತ್ತಿದ.

“ಯಾರಿಗೆ ಬೇಕು?”

“ಈಕಿಗ್ರೀ,” ಎಂದ ಉರುಕುಂದಪ್ಪ.

ಆ ಮಾತಿಗೆ ನಗುತ್ತಾನೆಂದು ಅಮರಮ್ಮ ತಯಾರಾಗಿ ಬಂದಿದ್ದಳು. ಸಾಬ ನಗಲಿಲ್ಲ.

“ಕೂತು ಬಾರಸ್ತೀಯೇನು ಬೇಟಿ, ನಿಂತು?”

“ನಿಂತ್ರೀ. ಕುಣೀತ.”

“ಎಷ್ಟೊತ್ತು?”

“ಉಂಡು ನಿಂತ್ರ ದೀಪ ಹಚ್ಚೂ ತನಕ.”

“ಅಂದ್ರ ಮೊದ್ಲು ತೂಕ ನೋಡ್ಬೇಕು. ಬಾಕಿದ್ದು ಆಮ್ಯಾಲ.”

ಮೇಲಿನ ಗೂಟದಲ್ಲಿ ಗಿಳಿ, ಹೂವು ಬರೆದ ಒಂದು ಚಂದದ ತಂಬೂರಿ ಇತ್ತು. ಉರುಕುಂದಪ್ಪ ಅದನ್ನೇ ನೋಡುತ್ತಿದ್ದ. “ಇದು ಹಗುರ ಕಾಣ್ತದ. ಎಷ್ಟಕ್ಕ?”

“ಎಂಟು ರೂಪಾಯಿ. ತೆಗಿ, ಹಾಕ್ಕೊ ಬೇಟಿ. ಹಾಂ, ಈಗ ಎರಡೂ ಕೈ ಬಿಡು.”

ಕೈ ಬಿಟ್ಟ ಕೂಡಲೇ ತಂಬೂರಿಯ ಗೋಣು ಹಿಂದಕ್ಕೆ ವಾಲಿ, ಬುರುಡೆ ಮೇಲಕ್ಕೆ ಎದ್ದಿತು.

“ನೋಡಿದ್ಯಾ? ಹೊಟ್ಟಿ ಹಗುರ, ಗೋಣು ಭಾರ. ಕತಿ ಬಿಟ್ಟು ಇದನ್ನ ಹಿಡಿಯೋದೇ ನಿಂಗೆ ಕೆಲಸ ಆಗ್ತದ. ಬಣ್ಣ ನೋಡಿ ತಗೊಳ್ಳೋರಿಗೆ ಮಾಡಿಟ್ಟೀನಿ ಅದು.”

ಇನ್ನೊಂದರ ತಂತಿ ಎತ್ತರ, ನಾಲ್ಕು ಸಲ ಮೀಟಿದರೆ ಬೆರಳು ಉರಿಯಿತು. ಸಾಬ ಅದನ್ನೂ ಇಳಿಸಿಕೊಂಡ. ಎದ್ದು ಹಿಂದಿನ ಕತ್ತಲೆ ಕೋಣೆಗೆ ಹೋಗಿ, ಬಣ್ಣ ಗಿಣ್ಣ ಇಲ್ಲದ, ಹೊಗೆಗೆ ಕಪ್ಪಾದ ಒಂದು ಗಿಡ್ಡ ತಂಬೂರಿ ತಂದ. ಪಟ್ಟಿಯನ್ನು ಎರಡು ಸಲ ಬಿಚ್ಚಿ ಕಟ್ಟಿ ಆಕೆಯ ಹೆಗಲಿಗೆ ಕೂಡಿಸಿದ. ಅಮರಮ್ಮ ಕೈ ಬಿಟ್ಟಳು. ಅದು ಇದ್ದಲ್ಲೇ ಇತ್ತು. ಮೊಣಕೈ ಬುರುಡೆಯ ಮೇಲೆ ತಾನಾಗಿ ಕೂತಿತು, ಬೆರಳ ಕೆಳಗೆ ತಂತಿ ಇತ್ತು. ಮೀಟಿದಳು. ಸಂದಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು.

“ಗಿಡ್ಡದಂದ್ರ ಗಿಡ್ಡ ದನಿ ಅಂತ ತಿಳ್ಕೊಂಡಾರ ಜನ,” ಎಂದ ಪೀರಾ ಸಾಬ, ಬುರುಡೆಗೆ ಬೆರಳಿಂದ ಬಡಿದು ತೋರಿಸುತ್ತ. “ಹನ್ನೆರಡು ವರ್ಷ ಒಣಗಿದ ಕಟ್ಟಿಗಿ ಇದು. ಎಲ್ಲೂ ಬಿರುಕಿಲ್ಲ. ಬಿರಡಿ ತಿರುವು, ಜಾರ್ತದೇನು? ಜಾರಲ್ಲ. ಒಬ್ಬರು ಮಾಡಸಿ ಒಯ್ಲಿಲ್ಲ. ಹದಿನೆಂಟು ರೂಪಾಯಿ.”

“ಗಿಡ್ಡದಕ್ಕ ಹೆಚ್ಚು, ಉದ್ದದಕ್ಕ ಕಡಿಮಿ! ಯಾವ ಊರ ನ್ಯಾಯರೀ ಇದು?”

“ನೀ ಸೀರಿ ತರಾಕ ಬಂದೀಯೇನಪ್ಪ, ಮೊಳಕ್ಕ ಲೆಕ್ಕ ಹಾಕಾಕ?”

ಉರುಕುಂದಪ್ಪ ಮುಖ ಗಂಟು ಹಾಕಿಕೊಂಡ. ಅಮರಮ್ಮ ಹೆಗಲಿಂದ ಇಳಿಸಲಿಲ್ಲ. “ಕಡಗ ನನ್ನವು,” ಎಂದಳಷ್ಟೇ. ಅವನು ಧೋತರದ ಗಂಟು ಬಿಚ್ಚಿದ.

ಮನೆಯಲ್ಲಿ ದುರುಗಮ್ಮ ಅದನ್ನು ನೋಡಿ, “ಕೂಸಿಗೆ ಆಟಕ್ಕ ತಂದೀರೇನು?” ಎಂದಳು. ಹಳೆಯ ತಂಬೂರಿಯನ್ನು ಒರೆಸಿ ಅದರ ಗೂಟಕ್ಕೆ ತಾನೇ ನೇತುಹಾಕಿದಳು.

ಆಮೇಲಿನ ಎರಡು ತಿಂಗಳು ಆ ಮನೆಯಲ್ಲಿ ಒಳ್ಳೆಯ ಕಾಲವೆಂದೇ ಹೇಳಬೇಕು. ಅಮರಮ್ಮ ಬೆಳಿಗ್ಗೆ ನೀರು, ಕಸ, ರೊಟ್ಟಿ ಮುಗಿಸಿ ಹಿತ್ತಲಿಗೆ ಬಂದು ನಿಲ್ಲುವಳು. ಸುಂಕಪ್ಪ ಬೇವಿನ ಬುಡಕ್ಕೆ ಕೂತು ಎಡಗೈಯಿಂದ ನೆಲ ಬಡಿದು ತಾಳ ಹಾಕುವನು.

“ಸೊಲ್ಲು ನುಂಗಬ್ಯಾಡ. ರೊಟ್ಟಿ ಅಲ್ಲ ಅದು.”

“ನೀವು ಹಿಂಗೇ ಹೇಳ್ತಿದ್ರಿ ಮಾವಾ.”

“ನಾ ನುಂಗಿದ್ರ ನಡೀತಿತ್ತು, ಗಂಡಸು. ನೀ ನುಂಗಿದ್ರ ಮರತಾಳ ಅಂತಾರ.”

ಹದಿನೈದು ದಿನಕ್ಕೆ ಓಣಿಯ ಹೆಂಗಸರು ಗೋಡೆಯಾಚೆ ಮೊರ ಹಿಡಿದು ನಿಂತು ಕೇಳತೊಡಗಿದರು. ಹೆಗಲ ಮೇಲಿನ ಕಪ್ಪು ಮಾಸಿತು. ಶೇಖಮ್ಮ ಸೊಸೆಯ ಕೂಸನ್ನು ಎತ್ತಿಕೊಂಡೇ ಸೊಲ್ಲು ಹಿಡಿಯುವಳು. ಒಂದು ದಿನ ಅಮರಮ್ಮ ಒಂದು ಕಥೆಯನ್ನು ಎಲ್ಲೂ ನಿಲ್ಲದೆ ಮುಗಿಸಿದಾಗ ಸುಂಕಪ್ಪ ಎದ್ದು ಗೋಡೆ ಹಿಡಿದು ಒಳಗೆ ಹೋದ. ಉಣ್ಣುವಾಗ, “ಆಕಿಗೆ ಬೆಣ್ಣಿ ಹಾಕ್ರಿ” ಎಂದ. ಮನೆಯಲ್ಲಿ ಬೆಣ್ಣೆ ಇರಲಿಲ್ಲ.

ಮೊದಲನೆಯ ಕಣ ಸಿರವಾರದಾಚೆಯ ಒಂದು ಸಣ್ಣ ಊರಿನದು. ಹೆಂಗಸು ತಂಬೂರಿ ಹೊತ್ತಾಳಂತೆ ಎಂದು ಪಕ್ಕದ ಹಳ್ಳಿಯವರೂ ಬಂದಿದ್ದರು. ಅಮರಮ್ಮ ಹಿಡಿದದ್ದು ತಮ್ಮನೇ ಕೊಂದ ಅಣ್ಣನ ಕಥೆ. ಹೊತ್ತು ಇಳಿಯುವ ತನಕ ಕುಣಿದಳು, ಗೆಜ್ಜೆಗಾಲು ಒಂದು ಸಲವೂ ತಪ್ಪಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿದರು. ಊರ ಗೌಡ, ತನ್ನ ತಮ್ಮನ ಜೊತೆ ಹೊಲದ ವ್ಯಾಜ್ಯ ಇದ್ದವನು, ನೆಲ ನೋಡುತ್ತ ಕೂತಿದ್ದ.

ಕಥೆ ಮುಗಿದ ಮೇಲೆ ಪಾಲು ಕೊಡುವುದು. ಆ ಏಳು ಊರಲ್ಲಿ ಅದಕ್ಕೊಂದು ಪದ್ಧತಿ ಇತ್ತು. ಕಥೆ ಹೇಳಿದವರ ಹೆಗಲಿಂದ ತಂಬೂರಿ ಇಳಿಸಿ ಕಣದ ಮೇಲೆ ಮಲಗಿಸುತ್ತಾರೆ. ತಂಬೂರಿ ಎಷ್ಟು ಉದ್ದವೋ ಅಷ್ಟು ಅಗಲಕ್ಕೆ ಬೂದಿಯಲ್ಲಿ ಒಂದು ಸುತ್ತು ಗೆರೆ ಹಾಕುತ್ತಾರೆ. ಜೋಳ ಗೆರೆಗೆ ತಾಗುವ ತನಕ ಸುರಿಯುತ್ತಾರೆ. ಗೆರೆಯೊಳಗಿನ ರಾಶಿ ಕಥೆಯವರದು. ಮೂರು ತಲೆಮಾರು ಒಂದೇ ತಂಬೂರಿ, ಒಂದೇ ಗೆರೆ. ಅದು ಬೇರೆಯಾದೀತೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ತಳವಾರ ಗಿಡ್ಡ ತಂಬೂರಿಯನ್ನು ಮಲಗಿಸಿ ಗೆರೆ ಹಾಕಿದ. ಎರಡು ಬುಟ್ಟಿ ಸುರಿಯುವುದರೊಳಗೆ ಜೋಳ ಬೂದಿಗೆ ಬಂತು. ಮೂರನೆಯ ಬುಟ್ಟಿ ಹೊತ್ತವನು ನಿಂತು ಗೌಡನ ಮುಖ ನೋಡಿದ.

“ಗೌಡ್ರ,” ಎಂದ ಉರುಕುಂದಪ್ಪ, “ಈ ತಂಬೂರಿ ಸಣ್ಣದದರೀ. ಹಳೇ ಅಳತಿಗೆ ಗೆರಿ ಹಾಕಸ್ರಿ.”

“ಹಳೇದು ಎಲ್ಲದ?”

“ಮನ್ಯಾಗದರೀ.”

“ಮನ್ಯಾಗಿಂದಕ್ಕ ಕಣದಾಗ ಹ್ಯಾಂಗ ಗೆರಿ ಹಾಕೂದು? ಇದು ನಾ ಮಾಡಿದ ಪದ್ಧತಿ ಅಲ್ಲಪ್ಪ. ನಿಮ್ಮ ಹಿರೇರು ಕೇಳಿ ಪಡದದ್ದು. ಆಗ ಅವರದು ದೊಡ್ಡದಿತ್ತು, ನಮ್ಮ ಹಿರೇರು ಸುಮ್ಮನ ಸುರದ್ರು.” ಗೌಡ ದನಿ ತಗ್ಗಿಸಿದ. “ನಾಳಿ ಸರಕಾರದವರು ಲೆವ್ಹಿ ಜೋಳ ಅಳಿಯಾಕ ಬರ್ತಾರ. ಅವರಿಗೆ ಕೊಟ್ಟು ನನಗ ಉಳಿಯೂದ ಅಷ್ಟರಾಗ ಅದ.”

ಅಮರಮ್ಮ ಬೆವರು ಒರೆಸಿಕೊಳ್ಳುತ್ತ ಮುಂದೆ ಬಂದಳು.

“ಕತಿ ಸಣ್ಣದಿತ್ತೇನ್ರೀ ಗೌಡ್ರ?”

ಗೌಡ ಬೂದಿಯ ಗೆರೆ ನೋಡಿದ. “ಕತಿ ದೊಡ್ಡದಿತ್ತವ್ವಾ. ಆದ್ರ ಕತಿಗೆ ಗೆರಿ ಹಾಕಾಕ ಬರಾಂಗಿಲ್ಲ.”

ಒಂದೂವರೆ ಚೀಲ ಬರುವಲ್ಲಿ ಅರ್ಧ ಚೀಲ ಬಂತು. ಎತ್ತಿನ ಗಾಡಿಯಲ್ಲಿ ಮನೆಗೆ ತಂದು ಇಳಿಸಿದಾಗ ಶೇಖಮ್ಮ ಚೀಲದ ಬಾಯಿ ಬಿಚ್ಚಿ ಕೈ ಇಳಿಸಿ ನೋಡಿದಳು.

“ಏಳೂ ಊರು ಹಿಂಗೇ ಆದ್ರ ಶ್ರಾವಣಕ್ಕ ಗಡಿಗಿ ಬರಿದಾಗ್ತದ.”

“ನಾ ಮೊದ್ಲ ಹೇಳಿದ್ನಿಲ್ಲ?” ಎಂದಳು ದುರುಗಮ್ಮ.

“ಏನು ಹೇಳಿದ್ದಿಬೇ? ಗೆರಿ ಮಾತು ಎತ್ತಿದ್ಯೇನು?” ಎಂದ ಉರುಕುಂದಪ್ಪ.

“ದೊಡ್ಡದ ಇರಬೇಕು ಅಂದ್ನಿ. ಯಾಕ ಅಂತ ಹೇಳಿದ್ರ ಮಾತ್ರ ಕೇಳ್ತೀರೇನು ನೀವು?”

ಅಮರಮ್ಮ ಒಂದು ಉಪಾಯ ಹೇಳಿದಳು. ತಾನು ಗಿಡ್ಡದನ್ನು ಹೊತ್ತು ಕಥೆ ಹೇಳುವುದು, ಗಂಡ ದೊಡ್ಡದನ್ನು ಹೊತ್ತು ಪಕ್ಕಕ್ಕೆ ನಿಲ್ಲುವುದು, ಕಡೆಗೆ ದೊಡ್ಡದನ್ನು ಮಲಗಿಸುವುದು. ಎರಡನೆಯ ಊರಲ್ಲಿ ಹಾಗೇ ಮಾಡಿದರು. ಅಲ್ಲಿ ಹಿರಿಯನೊಬ್ಬ ಎದ್ದು ನಿಂತ: “ಹೇಳಿದವರ ಹೆಗಲ ಮ್ಯಾಲಿಂದು ಇಳೀಬೇಕು. ನಾಳಿ ನೀವು ಬಿದಿರ ಗಳ ಹೊತ್ತುಕೊಂಡು ಬಂದು ಮಲಗಸ್ರಿ, ಅದಕ್ಕೂ ಸುರೀಬೇಕೇನು?” ಜನ ನಕ್ಕರು. ಮತ್ತೆ ಗಿಡ್ಡ ಗೆರೆ.

ಆ ದಿನ ಮನೆಗೆ ಬಂದಾಗ ಯಾರೂ ಜಗಳವಾಡಲಿಲ್ಲ. ನುಚ್ಚು ಮಜ್ಜಿಗೆ ಉಂಡರು. ಶೇಖಮ್ಮ ಸೊಸೆಯ ಪಕ್ಕ ಬಂದು ಕೂತಳು.

“ಇನ್ನ ಐದು ಊರು ಅದಾವ. ಐದ ದಿನ ದೊಡ್ಡದನ್ನ ಹೊತ್ತು ತಡಕೋ ತಂಗಿ.”

“ನನ್ನ ಹೆಗಲು ನೋಡಿದಾಕಿ ನೀವು ಅತ್ತಿ.”

“ನೋಡೀನಿ. ಗಡಿಗೀನೂ ನೋಡೀನಿ.”

ಅಮರಮ್ಮ ಮಾವನ ಕಡೆ ತಿರುಗಿದಳು. “ಮಾವಾ, ನೀವು ಹೇಳ್ರಿ.”

ಸುಂಕಪ್ಪ ಸತ್ತ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. “ಬಟ್ಟಿ ಮಡಚಿ ಹೆಗಲಿಗೆ ಇಟ್ಟುಕೋ,” ಎಂದ.

ಹಳೆಯ ಕೌದಿ ಹರಿದು ನಾಲ್ಕು ಪದರ ಮಡಚಿ ಹೆಗಲಿಗೆ ಇಟ್ಟರು. ಬುರುಡೆ ತೊಡೆಗೆ ಬಡಿಯಬಾರದೆಂದು ಹಗ್ಗ ಹಾಕಿ ಸೊಂಟಕ್ಕೆ ಬಿಗಿದರು. ಹದಿನೆಂಟು ದಿನದಲ್ಲಿ ಐದು ಊರು. ಮೂರನೆಯ ಊರಲ್ಲಿ ಕುಣಿಯಲು ಆಗಲಿಲ್ಲ, ನಿಂತೇ ಹೇಳಿದಳು. ಐದನೆಯ ಊರಲ್ಲಿ ಬೆರಳಿಗೆ ತಂತಿ ತಿಳಿಯುತ್ತಿರಲಿಲ್ಲ. ಕೈ ನೋಡಿಕೊಂಡು ಮೀಟಬೇಕಾಯಿತು. ತಪ್ಪಿದಲ್ಲೆಲ್ಲ ಉರುಕುಂದಪ್ಪ ಡಿಮ್ಮಿ ಜೋರಾಗಿ ಬಾರಿಸಿ ಮುಚ್ಚಿದ. ಏಳನೆಯ ಊರಲ್ಲಿ ಕಥೆ ಮುಗಿದ ಮೇಲೆ ಆಕೆ ಹಗ್ಗ ಬಿಚ್ಚಿಕೊಳ್ಳಲಿಲ್ಲ. ಗಂಡನೇ ಬಿಚ್ಚಬೇಕಾಯಿತು. ತಂಬೂರಿ ಮಲಗಿಸಿದರು, ಗೆರೆ ಹಾಕಿದರು, ಬುಟ್ಟಿಯ ಮೇಲೆ ಬುಟ್ಟಿ ಸುರಿದರು. ಐದೂ ಊರಲ್ಲಿ ಗೆರೆ ತುಂಬ ಬಂತು.

ಗಡಿಗೆಗಳೂ ತುಂಬಿದವು. ಹೊಸ ಜೋಳದ ಹಿಟ್ಟು ಬಂದ ದಿನ ಅಮರಮ್ಮ ರೊಟ್ಟಿ ಬಡಿಯಲು ಕೂತಳು. ಎಡಗೈ ಬಡಿಯುತ್ತಿತ್ತು. ಬಲಗೈ ಹಿಟ್ಟಿನ ಮೇಲೆ ಸುಮ್ಮನೆ ಬೀಳುತ್ತಿತ್ತು. ರೊಟ್ಟಿ ಹರಿಯಿತು. ಇನ್ನೊಂದು ಮಾಡಿದಳು, ಅದೂ ಹರಿಯಿತು.

“ಕತಿ ಹೇಳಾಕಿಗೆ ಇನ್ನ ರೊಟ್ಟಿ ಬ್ಯಾಸರೇನು?” ಎಂದಳು ದುರುಗಮ್ಮ.

ಅಮರಮ್ಮ ಎದ್ದು, ಅಳುತ್ತಿದ್ದ ಕೂಸನ್ನು ಎತ್ತಲು ಹೋದಳು. ಒಂದೇ ಕೈಗೆ ಅದು ಬರಲಿಲ್ಲ. ಆಗ ಶೇಖಮ್ಮ ಬಂದು ಸೊಸೆಯ ತೋಳು ಹಿಡಿದು ಎತ್ತಿದಳು, ಬಿಟ್ಟಳು. ತೋಳು ಹಸಿ ಬಟ್ಟೆಯ ಹಾಗೆ ಬಿತ್ತು.

ದೇವದುರ್ಗಕ್ಕೆ ಕಳಿಸಿದರು. ತಾಯಿ ಚನ್ನಮಲ್ಲಮ್ಮ ಔಡಲೆಣ್ಣೆ ಕಾಯಿಸಿ ಹಚ್ಚಿದಳು, ಉಪ್ಪಿನ ಗಂಟಿನಿಂದ ಕಾವು ಕೊಟ್ಟಳು. ಹೆಗಲಲ್ಲಿ ಪಟ್ಟಿಯ ಗೆರೆ ಹಾಗೇ ಕೂತಿತ್ತು. ಸರಕಾರಿ ದವಾಖಾನೆಯ ಡಾಕ್ಟರು ನರ ಜಜ್ಜಿದೆ, ಬಂದರೆ ಬರಬಹುದು, ಭಾರ ಹೊರಬಾರದು ಎಂದರು.

“ಎಷ್ಟು ದಿನಕ್ಕ ಬರ್ತದ್ರೀ?” ಎಂದು ಚನ್ನಮಲ್ಲಮ್ಮ ಕೇಳಿದಳು.

“ಅದನ್ನ ನನ್ನ ಕೇಳಬ್ಯಾಡವ್ವಾ,” ಎಂದರು.

ದಾರಿಯಲ್ಲಿ ತಾಯಿ ಮಗಳ ಕಾಲು ನೋಡಿದಳು. “ನಾ ಹಾಕಿದ ಕಡಗ ಎಲ್ಲದಾವ?”

“ತಂಬೂರಿ ತಗೊಂಡ್ನಿ. ನನ್ನ ಮೈಗೆ ಸರಿಯಾದದ್ದು. ನೀ ಕೇಳಬೇಕವ್ವಾ ಅದರ ದನಿ.”

“ತಂಬೂರಿ ಎಲ್ಲದ?”

“ಮನ್ಯಾಗದ. ಕೈ ಸುಧಾರಸಿದ ಮ್ಯಾಲ ತರ್ತೀನಿ.”

ತಿಂಗಳಾದರೂ ಕೈ ಸುಧಾರಿಸಲಿಲ್ಲ. ಉರುಕುಂದಪ್ಪ ಬಂದು ಕರೆದುಕೊಂಡು ಹೋದ. ಮನೆಗೆ ಬಂದವಳು ಗೋಡೆ ನೋಡಿದಳು. ಒಂದು ಗೂಟ ಖಾಲಿ ಇತ್ತು.

“ಸಣ್ಣದು ಎಲ್ಲಿ?”

“ಪೀರಾ ಸಾಬಗ ತಿರುಗಿ ಕೊಟ್ನಿ. ಹನ್ನೆರಡು ಕೊಟ್ಟ, ಛಲೋ ಮನಷ್ಯಾ.” ಉರುಕುಂದಪ್ಪ ಮುಖ ಕೊಡದೆ ಎತ್ತಿನ ಕೊರಳ ಹಗ್ಗ ಹೊಸೆಯುತ್ತಿದ್ದ. “ಗ್ವಾಡಿಗೆ ನೇತುಹಾಕಿ ಏನ್ ಮಾಡೂದು? ನಿನ್ನ ಕೈ ಹಿಂಗ, ಅದರ ಗೆರಿ ಹಂಗ.”

“ನನ್ನ ಕೇಳಬೇಕಿತ್ತು.”

“ಕೇಳಿದ್ರ ನೀ ಬ್ಯಾಡ ಅಂತಿದ್ದಿ.”

ಆಕೆ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅಲ್ಲಿ ಆಕೆಗೆ ಕೆಲಸವೇನೂ ಇರಲಿಲ್ಲ. ರೊಟ್ಟಿ ಈಗ ಶೇಖಮ್ಮ ಬಡಿಯುತ್ತಿದ್ದಳು, ಎರಡು ರೊಟ್ಟಿಗೊಮ್ಮೆ ಉಸಿರಿಗೆ ನಿಲ್ಲುತ್ತ.

ಮಳೆಗಾಲದ ಮೊದಲು ಜೋಳ ಹಸನು ಮಾಡುವಾಗ ಆ ಮಾತು ಬಂತು. ತಂದವಳು ದುರುಗಮ್ಮ.

“ಮಟಮಾರಿಯಾಗ ನಮ್ಮವರ ಪೈಕಿ ಒಂದು ಹುಡುಗಿ ಅದ. ಬಸವಂತಿ. ಹದಿನೆಂಟು ತುಂಬ್ಯಾವ. ತಲಿಮ್ಯಾಲ ಒಂದು ಕೊಡ, ಕಂಕುಳಾಗ ಒಂದು ಕೊಡ, ಏರಿ ಹತ್ತಿ ಬರ್ತದ. ಹಾಡಾಕೂ ಬರ್ತದಂತ.”

“ಯಾರಿಗೆ ಕೇಳಾಕತ್ತೀಯಬೇ?” ಎಂದಳು ಶೇಖಮ್ಮ. ಗೊತ್ತಿದ್ದೇ ಕೇಳಿದಳು.

“ಉರುಕುಂದಗ. ಬರೂ ಸುಗ್ಗಿಗೆ ಯಾರು ನಿಲ್ಲೋರು? ಯಂಕೋಬ ಮೊನ್ನೆ ಮತ್ತ ಬಂದಿದ್ದ.”

ಅಮರಮ್ಮ ಎಡಗೈಯಿಂದ ಕಲ್ಲು ಆರಿಸುತ್ತಿದ್ದಳು. “ನನ್ನೇನು ಮಾಡ್ತೀರಿ ಅಜ್ಜಿ?”

“ನಿನ್ನ ಯಾರು ಹೊರಗ ಹಾಕ್ತಾರಬೇ? ಹುಚ್ಚಿ! ಕತಿ ಕಲಸಾಕ ನೀ ಬೇಕಲ್ಲ. ನಿನ್ನ ಬಾಯಿ, ಆಕಿ ಹೆಗಲು. ಮನಿ ನಡೀತದ.”

ಉರುಕುಂದಪ್ಪ ಹೊಸ್ತಿಲ ಮೇಲೆ ಕೂತಿದ್ದ. ಅಮರಮ್ಮ ಅವನನ್ನು ನೋಡಿದಳು. ಅವನು ಬೇಡ ಎನ್ನಲಿಲ್ಲ. ಸುಂಕಪ್ಪನನ್ನು ನೋಡಿದಳು. “ಕಲಸು,” ಎಂದ ಅವನು. “ನನಗಿಂತ ಛಲೋ ಕಲಸ್ತೀ ನೀ.” ಅವನ ಬಾಯಿಂದ ಆಕೆ ಕೇಳಿದ ಮೊದಲ ಹೊಗಳಿಕೆ ಅದು.

“ಒಲ್ಲೆ ಅಂದ್ರ?”

ಉತ್ತರ ಕೊಟ್ಟವಳು ಶೇಖಮ್ಮ. “ಒಲ್ಲೆ ಅಂದ್ರ ನಿನ್ನ ಎಡಗಡಿ ಹೆಗಲಿಗೆ ತಂಬೂರಿ ಕಟ್ತಾರ ತಂಗಿ. ನಾ ಈಗ್ಲೇ ಹೇಳ್ತೀನಿ. ನಾನೂ ಹಗ್ಗ ಹಿಡೀತೀನಿ. ಈ ಕೂಸಿಗೆ ಉಣ್ಣಾಕ ಬೇಕು.”

ಮಟಮಾರಿಗೆ ಹೋದದ್ದು ಒಂದು ಸೋಮವಾರ ಬೆಳಿಗ್ಗೆ. ದುರುಗಮ್ಮ, ಶೇಖಮ್ಮ, ಅಮರಮ್ಮ. ಗಾಡಿಯಲ್ಲಿ ಹಳೆಯ ತಂಬೂರಿಯನ್ನೂ ಹಾಕಿಕೊಂಡಿದ್ದರು. ಬಸವಂತಮ್ಮ ಅಗಲ ಭುಜದ, ನಗುಮುಖದ ಹುಡುಗಿ. ಬಂದವರ ಕಾಲಿಗೆ ನೀರು ಕೊಟ್ಟಳು. ಒಂದು ಪದ ಹಾಡು ಎಂದರು, ಹಾಡಿದಳು. ಕೊರಳು ಗಟ್ಟಿ ಇತ್ತು, ತಾಳ ಅಲ್ಲಲ್ಲಿ ಓಡುತ್ತಿತ್ತು. ಕಲಿಸಬಹುದು ಎಂದು ಅಮರಮ್ಮನಿಗೆ ಗೊತ್ತಾಯಿತು.

ಒಳಗೆ ಹೋದಾಗ ಹುಡುಗಿಯ ತಾಯಿ ಅಯ್ಯಮ್ಮ ಅಮರಮ್ಮನ ಪಕ್ಕಕ್ಕೆ ಬಂದಳು. ಗಂಡ ಸತ್ತ ಹೆಂಗಸು, ಸೀರೆ ತೇಪೆ ಹಾಕಿದ್ದು.

“ಸವತಿ ಮ್ಯಾಲ ಕೊಡಬೇಕಂದ್ರ ಮನಸ ಒಪ್ಪವಲ್ದವ್ವಾ. ಆದ್ರ ಉಣ್ಣಾಕ ಕಡಿಮಿ ಇಲ್ಲ ಅಂತಾರ. ಈ ಮುದುಕೇರ ಮಾತು ನಾ ನಂಬಾಂಗಿಲ್ಲ. ನೀ ಇದ್ದ ಮನಿ, ನೀ ಹೊತ್ತ ತಂಬೂರಿ. ನಿನ್ನ ಮಾತು ನಂಬ್ತೀನಿ. ನಿನ್ನ ಕೈಗೆ ಏನಾಗ್ಯದ?”

ಅಮರಮ್ಮ ಸೆರಗಿನೊಳಗೆ ಬಲಗೈ ಇಟ್ಟುಕೊಂಡಿದ್ದಳು. ಬಾಗಿಲಲ್ಲಿ ಶೇಖಮ್ಮ ನಿಂತಿದ್ದಳು, ಆಕೆಯ ಕಂಕುಳಲ್ಲಿ ಅಮರಮ್ಮನ ಕೂಸು ರೊಟ್ಟಿಯ ತುಣುಕು ಚೀಪುತ್ತಿತ್ತು.

“ಗಾಡಿಯಿಂದ ಬಿದ್ದಿದ್ನಿ,” ಎಂದಳು.

ಹೊರಗೆ ದುರುಗಮ್ಮ ಹುಡುಗಿಯ ಹೆಗಲಿಗೆ ತಂಬೂರಿ ಹಾಕಿಸಿದ್ದಳು. ಬುರುಡೆ ಸೊಂಟಕ್ಕೆ ಬಂದಿತ್ತು, ಕೈ ತಂತಿಗೆ ಮುಟ್ಟುತ್ತಿತ್ತು, ಬರೇ ಮುಟ್ಟುತ್ತಿತ್ತು. ಹುಡುಗಿ ಒಂದು ಹೆಗಲು ಸ್ವಲ್ಪ ಎತ್ತಿ, ನಗುತ್ತಲೇ ಇತ್ತು. ಮೂರು ಸಲ ಮೀಟಿತು. ಮುದುಕಿ ಹಿಂದೆ ಮುಂದೆ ತಿರುಗಿಸಿ ನೋಡಿ ತಲೆ ಆಡಿಸಿದಳು.

“ಅಕ್ಕಾ,” ಎಂದು ಕೇಳಿತು ಹುಡುಗಿ, “ಇದನ್ನ ಎಷ್ಟೊತ್ತು ಹೊರಬೇಕು?”

ಎಲ್ಲರೂ ಅಮರಮ್ಮನ ಕಡೆ ತಿರುಗಿದರು. ಅಯ್ಯಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

“ಸ್ವಲ್ಪೊತ್ತವ್ವಾ,” ಎಂದಳು ಅಮರಮ್ಮ. “ಆಮ್ಯಾಲ ರೂಢಿ ಆಗ್ತದ.”

ಅಯ್ಯಮ್ಮ ಒಪ್ಪಿಗೆಯ ಬೆಲ್ಲ ತರಲು ಒಳಗೆ ಹೋದಳು.